ಶಾಲೆಯ ಮಕ್ಕಳೂ ಕಡಲ ಹಕ್ಕಿಗಳೂ

ಚಳಿಗಾಲ ಕಾಲಿಟ್ಟಿತೆಂದರೆ ಮುಂಬಯಿ, ಠಾಣೆ, ನವಿ ಮುಂಬಯಿಗಳ ಶಾಲೆಗಳಿಂದ ಮನೆಮನೆಗೆ ಒಂದು ಚೀಟಿ ಬರುವುದು ವಾಡಿಕೆ. ಮಕ್ಕಳನ್ನು ಒಂದು ದಿನದ ಹೊರಸಂಚಾರಕ್ಕೆ ಕರೆದೊಯ್ಯಲಾಗುವುದು, ಪಾಲಕರು ಒಪ್ಪಿಗೆಯ ಸಹಿಯನ್ನೂ ಬಸ್ಸಿನ ವೆಚ್ಚವನ್ನೂ ಇಂತಿಂಥ ದಿನದೊಳಗೆ ಕಳುಹಿಸಬೇಕು ಎಂಬುದು ಅದರ ಒಕ್ಕಣೆ. ಬಹುಕಾಲ ಈ ಸಂಚಾರಗಳೆಂದರೆ ನೀರಿನಾಟದ ಉದ್ಯಾನ, ಇಲ್ಲವೇ ಯಾವುದಾದರೊಂದು ಬಿಸ್ಕತ್ತು ಕಾರ್ಖಾನೆ ಎಂದೇ ಆಗಿತ್ತು. ಈಚಿನ ವರ್ಷಗಳಲ್ಲಿ ಕೆಲವು ಶಾಲೆಗಳು ಮಕ್ಕಳನ್ನು ಶಿವಡಿಯ ಕೆಸರು ದಂಡೆಗೂ ಐರೋಲಿ, ಭಾಂಡುಪ್‌ಗಳ ಖಾಡಿಯ ಅಂಚಿಗೂ ಕರೆದೊಯ್ದು, ಕಡಲ ಹಕ್ಕಿಗಳು ಎಲ್ಲಿ ನಿಲ್ಲುತ್ತವೆ, ಏನು ತಿನ್ನುತ್ತವೆ, ಎಲ್ಲಿಂದ ಬರುತ್ತವೆ ಎಂಬುದನ್ನು ಕಣ್ಣಾರೆ ತೋರಿಸಲು ತೊಡಗಿವೆ. ಇದು ಸ್ವಾಗತಾರ್ಹ. ಆದರೆ ನಮ್ಮ ಬಾಂಧವರ ಮನೆಗಳಲ್ಲಿ ಈ ಚೀಟಿಗೆ ಸಿಗುತ್ತಿರುವ ಸ್ವಾಗತ ಅಷ್ಟು ಉತ್ಸಾಹದ್ದಲ್ಲವೆಂದು ಉಪಾಧ್ಯಾಯರು ಹೇಳುತ್ತಾರೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಅವಶ್ಯವೆಂದು ನಮಗೆ ತೋರಿತು.

ಪಾಲಕರ ಆಕ್ಷೇಪಣೆಗಳನ್ನು ನಾವು ಲಘುವಾಗಿ ಕಾಣುವವರಲ್ಲ. ಒಂದು ಕೋಣೆಯಲ್ಲಿ ಸಂಸಾರ ಹೂಡಿ, ತಿಂಗಳ ಇಪ್ಪತ್ತನೆಯ ತಾರೀಖಿನ ನಂತರ ತರಕಾರಿಯ ಲೆಕ್ಕವನ್ನೂ ಬರೆದಿಡುವ ಗುಮಾಸ್ತನಿಗೆ ಬಸ್ಸಿನ ವೆಚ್ಚವೆಂಬುದು ಸಣ್ಣ ಮೊತ್ತವಲ್ಲ. ಇಬ್ಬರು ಮಕ್ಕಳಿದ್ದರಂತೂ ಕೇಳುವುದೇ ಬೇಡ. ‘ನೀರಿನ ಬಳಿಗೆ ಮಕ್ಕಳನ್ನು ಕಳುಹಿಸುವುದೆಂತು’ ಎಂಬ ತಾಯಿಯ ಅಂಜಿಕೆಯೂ ನ್ಯಾಯವಾದದ್ದೇ. ಆದರೆ ಮೂರನೆಯದೊಂದು ಆಕ್ಷೇಪಣೆಯುಂಟು. ಹೆಚ್ಚಾಗಿ ಕೇಳಿಬರುವುದೂ ಅದೇ. ‘ಹಕ್ಕಿ ನೋಡುವುದಕ್ಕೆ ದುಡ್ಡು ಯಾಕೆ? ಕಾಗೆ ಪಾರಿವಾಳ ಕಿಟಕಿಯಲ್ಲೇ ಕೂತಿವೆ. ಹಕ್ಕಿ ನೋಡಿದರೆ ನಾಳೆ ಹೊಟ್ಟೆ ತುಂಬೀತೇ?’ ಎಂಬುದು ಆ ಮಾತು. ನಾವು ವಾದಿಸಬೇಕಾದುದು ಈ ಮಾತಿನೊಡನೆ.

ಈ ಮುಂಬಯಿಯಲ್ಲೇ ಗಿರ್ಗಾಂವದ ಖೇತವಾಡಿಯಲ್ಲಿ, ತಂದೆತಾಯಿಗಳನ್ನು ಎಳವೆಯಲ್ಲೇ ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದ ಹುಡುಗನೊಬ್ಬನಿದ್ದ. ಆಟದ ಬಂದೂಕಿನಿಂದ ತಾನು ಹೊಡೆದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಬಣ್ಣದ ಮಚ್ಚೆಯನ್ನು ಕಂಡು, ಇದು ಯಾವ ಜಾತಿಯದೆಂದು ಕೇಳಲು ಆತ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ಅಲ್ಲಿನ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರು ಹುಡುಗನನ್ನು ಗದರಿಸಿ ಅಟ್ಟಲಿಲ್ಲ. ಒಳಗೆ ಕರೆದು, ಸಂಗ್ರಹದ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ಆ ಹುಡುಗನೇ ಮುಂದೆ ಸಲೀಂ ಅಲಿ (1896–1987) ಎಂದು ಲೋಕಪ್ರಸಿದ್ಧನಾದದ್ದು. ಪಕ್ಷಿಶಾಸ್ತ್ರಜ್ಞನ ಸರಕಾರಿ ಹುದ್ದೆಯೊಂದು ಅವರಿಗೆ ತಪ್ಪಿದ್ದು ವಿಶ್ವವಿದ್ಯಾಲಯದ ಪದವಿಯಿಲ್ಲವೆಂಬ ಕಾರಣದಿಂದ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ತಿಂಗಳಿಗೆ 350 ರೂಪಾಯಿ ಸಂಬಳದ ಮೇಲೆ, ಬಂದವರಿಗೆ ಹಕ್ಕಿಪಕ್ಷಿಗಳ ವಿವರ ಹೇಳುವ ಕೆಲಸಕ್ಕೆ ಅವರು ನಿಂತರು. ಹಕ್ಕಿ ನೋಡಿ ಹೊಟ್ಟೆ ತುಂಬಿಸಿಕೊಂಡವರು ಇಲ್ಲವೆಂದಲ್ಲ. ಹಾಗೆಂದು ನಮ್ಮ ಮಕ್ಕಳೆಲ್ಲ ಸಲೀಂ ಅಲಿಯಾಗಲಿ ಎಂದು ನಾವು ಹೇಳುತ್ತಿಲ್ಲ. ಪೆಟ್ಟಿಗೆಯನ್ನು ತೆರೆದು ತೋರಿಸುವವರೊಬ್ಬರು ಪ್ರತಿಯೊಂದು ಮಗುವಿಗೂ ಒಮ್ಮೆಯಾದರೂ ಸಿಗಬೇಕು ಎಂಬಷ್ಟೇ ನಮ್ಮ ಹೇಳಿಕೆ.

ಇನ್ನು ಆ ಖಾಡಿಯಲ್ಲಿ ನೋಡಲು ಏನಿದೆ? ಹಾರ್ಬರ್ ಮಾರ್ಗದ ರೈಲಿನಲ್ಲಿ ದಿನವೂ ವಾಶಿ ಸೇತುವೆ ದಾಟುವವರು ಮೂಗಿಗೆ ಕರವಸ್ತ್ರ ಹಿಡಿದು ನೋಡುವ ಆ ಕಪ್ಪು ಕೆಸರೇ ಅಲ್ಲಿನ ಐಶ್ವರ್ಯ. ಠಾಣೆಯ ಖಾಡಿ ಸುಮಾರು 26 ಕಿಲೋಮೀಟರು ಉದ್ದದ್ದು. ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ನೀರು ಹಿಂದೆ ಸರಿದಾಗ ಮೈಲುಗಟ್ಟಲೆ ಕೆಸರು ಬಯಲಾಗುತ್ತದೆ. ಅದರೊಳಗೆ ಹುಳು, ಮರಿ ಏಡಿ, ಚಿಪ್ಪಿನ ಜೀವಿ, ಮೇಲೆ ಪಾಚಿ. ಹಕ್ಕಿಗೆ ಅದು ಎಲೆ ಹಾಕಿ ಬಡಿಸಿದ ಊಟ. ಆದರೆ ಎಲ್ಲರಿಗೂ ಒಂದೇ ಪಂಕ್ತಿಯಲ್ಲ. ಗಿಡ್ಡ ಕೊಕ್ಕಿನದು ಮೇಲ್ಪದರದ್ದನ್ನು ಹೆಕ್ಕುತ್ತದೆ, ಉದ್ದ ಕೊಕ್ಕಿನದು ಆಳಕ್ಕೆ ಚುಚ್ಚಿ ತೆಗೆಯುತ್ತದೆ, ರೀವವೆಂಬುದು ಗಾಳಿಯಲ್ಲೇ ನಿಂತು ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ, ಕಡಲಕ್ಕಿ ಏನು ಸಿಕ್ಕಿದರೂ ಬಿಡುವುದಿಲ್ಲ. ಉಬ್ಬರ ಬಂದಾಗ ಬಡಿಸುವುದು ನಿಲ್ಲುತ್ತದೆ. ಆಗ ಎಲ್ಲವೂ ದಂಡೆಯ ಕಡೆಗೆ ಸರಿದು, ಕಾಂಡ್ಲಾ ಗಿಡಗಳ ಬದಿಯಲ್ಲೋ ಉಪ್ಪಿನ ಆಗರಗಳ ಬದುಗಳಲ್ಲೋ ಕಾದು ನಿಲ್ಲುತ್ತವೆ. ಉಣ್ಣುವ ಜಾಗದಷ್ಟೇ ಈ ಕಾದು ನಿಲ್ಲುವ ಜಾಗವೂ ಅವುಗಳ ಬಾಳಿಗೆ ಅವಶ್ಯ. ಇದನ್ನು ಪುಸ್ತಕದಲ್ಲಿ ‘ವಾಸಸ್ಥಾನ’ ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತಾರೆ. ದಂಡೆಯಲ್ಲಿ ಎರಡು ತಾಸು ನಿಂತ ಹುಡುಗನಿಗೆ ಆ ಪದದ ಅರ್ಥವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನಮ್ಮವರು ‘ಸೀಗಲ್’ ಎಂದು ಗುರುತಿಸುವ ಕಡಲಕ್ಕಿಯ ಸಂಗತಿಯನ್ನೇ ನೋಡಿ. ಹೆಸರಿನಲ್ಲಿ ಕಡಲಿದ್ದರೂ ಅದರ ತವರು ಕಡಲಲ್ಲ. ಮುಂಬಯಿಗೆ ಬರುವ ಕಂದುತಲೆಯ ಕಡಲಕ್ಕಿಗಳು ಮೊಟ್ಟೆಯೊಡೆದು ಹುಟ್ಟುವುದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ. ಅಲ್ಲಿ ಹಿಮ ಬಿದ್ದು ನೀರು ಗಟ್ಟಿಯಾಗುವ ಕಾಲಕ್ಕೆ ಹೊರಟು, ಇಲ್ಲಿನ ಉಪ್ಪು ನೀರಿಗೆ ಬಂದು ಚಳಿಗಾಲ ಕಳೆದು, ಬೇಸಗೆ ಬಿರುಸಾಗುವ ಹೊತ್ತಿಗೆ ಮರಳುತ್ತವೆ. ಚಳಿಗಾಲದಲ್ಲಿ ಅವುಗಳ ತಲೆಯೂ ಬಿಳಿಯೇ. ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಮಾತ್ರ. ಹೊರಡುವ ದಿನ ಹತ್ತಿರವಾದಂತೆ ತಲೆಗೆ ಕಂದು ಬಣ್ಣ ಏರುತ್ತದೆ, ಊರಿಗೆ ಹೋಗುವವನು ಕ್ಷೌರ ಮಾಡಿಸಿ ಹೊಸ ಅಂಗಿ ತೊಟ್ಟಂತೆ. ಉಪ್ಪು ನೀರು ಕುಡಿದೂ ಅವು ಬದುಕುವುದೆಂತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವುಗಳ ಕಣ್ಣಿನ ಮೇಲ್ಗಡೆ ಉಪ್ಪನ್ನು ಸೋಸುವ ಗ್ರಂಥಿಗಳಿವೆ. ಹೆಚ್ಚಿನ ಉಪ್ಪು ಮೂಗಿನ ಹೊಳ್ಳೆಗಳ ಮೂಲಕ ಹನಿಹನಿಯಾಗಿ ಹೊರಬೀಳುತ್ತದೆ. ಇಂಥ ಪ್ರಶ್ನೆಗೆ ಉತ್ತರ ಹೇಳಬಲ್ಲ ಒಬ್ಬರಾದರೂ ಜೊತೆಗಿಲ್ಲದಿದ್ದರೆ ಸಂಚಾರಕ್ಕೆ ಹೊರಡದಿರುವುದೇ ಲೇಸು.

ಸಾವಿರಾರು ಸಂಖ್ಯೆಯಲ್ಲಿ ಬಂದು ಖಾಡಿಯನ್ನೇ ಗುಲಾಬಿ ಬಣ್ಣಕ್ಕೆ ತಿರುಗಿಸುವ ಫ್ಲೆಮಿಂಗೋ, ನಾವು ರಾಜಹಂಸವೆಂದೂ ಮರಾಠಿ ಬಾಂಧವರು ರೋಹಿತ, ಅಗ್ನಿಪಂಖ ಎಂದೂ ಕರೆಯುವ ಪಕ್ಷಿ, ಕಟ್ಟುನಿಟ್ಟಾಗಿ ಹೇಳುವುದಾದರೆ ಕಡಲ ಹಕ್ಕಿಯಲ್ಲ. ಕೆಸರಿನಲ್ಲಿ ನಡೆಯುವ ಹಕ್ಕಿ. ಶಾಲೆಯ ಚೀಟಿಗಳಲ್ಲಿ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿರುತ್ತಾರೆ, ಅಷ್ಟರಮಟ್ಟಿಗೆ ಕ್ಷಮಿಸೋಣ. ತಲೆಯನ್ನು ತಲೆಕೆಳಗು ಮಾಡಿ ಕೊಕ್ಕಿನಿಂದ ನೀರನ್ನು ಸೋಸುತ್ತ ಕಿರಿಯ ಫ್ಲೆಮಿಂಗೋಗಳು ಪಾಚಿಯನ್ನು ಉಣ್ಣುತ್ತವೆ; ಮರಿಯಾಗಿದ್ದಾಗ ಬೂದುಬಣ್ಣದ್ದಾದ ಈ ಹಕ್ಕಿಗೆ ಗುಲಾಬಿ ಬಣ್ಣ ಬರುವುದೂ ಆ ಆಹಾರದಿಂದಲೇ. ಮುಂಬಯಿಗೆ ಇವು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಿಂದೀಚೆಗೆ. 2022ರಲ್ಲಿ ಕೆಲವು ಹಕ್ಕಿಗಳ ಮೈಗೆ ದಾರಿ ತೋರುವ ಯಂತ್ರ ಕಟ್ಟಿ ಬಿಟ್ಟಾಗ ಅವು ಗುಜರಾತಿಗೆ ಹೋದದ್ದು ತಿಳಿದುಬಂತು. 2015ರಲ್ಲಿ ಮಹಾರಾಷ್ಟ್ರ ಸರಕಾರವು ಠಾಣೆ ಖಾಡಿಯ 1,690 ಹೆಕ್ಟೇರು ಪ್ರದೇಶವನ್ನು ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಿತು. 2022ರಲ್ಲಿ ಅದು ರಾಮ್ಸರ್ ಒಪ್ಪಂದದನ್ವಯ ಜಾಗತಿಕ ಮಹತ್ವದ ಜೌಗುನೆಲಗಳ ಪಟ್ಟಿಗೆ ಸೇರಿತು. ಐರೋಲಿಯಲ್ಲಿ ಅರಣ್ಯ ಇಲಾಖೆಯ ಕಡಲ ಜೀವವೈವಿಧ್ಯ ಕೇಂದ್ರವಿದೆ. ಶಾಲೆಗಳು ಮೊದಲು ಅಲ್ಲಿ ವಿಚಾರಿಸಿ ಹೊರಡುವುದು ಒಳಿತು. ನೀರಿನ ಅಂಜಿಕೆಯುಳ್ಳ ತಾಯಂದಿರಿಗೂ ಅದರಿಂದ ಸಮಾಧಾನವಾದೀತು.

ಈಗ ಶಾಲೆಗಳ ವ್ಯವಸ್ಥಾಪಕರಿಗೆ ಒಂದು ಮಾತು. ಹಕ್ಕಿ ನೋಡಲು ಹೊರಡುವ ಸಮಯವನ್ನು ಪ್ರಕೃತ ನಿಶ್ಚಯಿಸುತ್ತಿರುವವನು ಬಸ್ಸಿನ ಗುತ್ತಿಗೆದಾರ. ಬೆಳಿಗ್ಗೆ ಒಂಬತ್ತಕ್ಕೆ ಹೊರಟು, ಹತ್ತಕ್ಕೆ ತಲುಪಿ, ಹನ್ನೊಂದಕ್ಕೆ ಮರಳಬೇಕು. ಆ ವೇಳೆಗೆ ಪೂರ್ತಿ ಇಳಿತವಿದ್ದರೆ ಹಕ್ಕಿಗಳು ದೂರದ ಚುಕ್ಕೆಗಳು. ಪೂರ್ತಿ ಉಬ್ಬರವಿದ್ದರೆ ಕೆಸರೇ ಕಾಣದು. ಮಕ್ಕಳು ಚಿಪ್ಸಿನ ಪೊಟ್ಟಣಗಳನ್ನು ಅಲ್ಲೇ ಎಸೆದು, ಒಂದು ಗುಂಪುಚಿತ್ರ ತೆಗೆಸಿಕೊಂಡು ಮನೆಗೆ ಬರುತ್ತಾರೆ. ಇದಕ್ಕೆ ಪರಿಹಾರ ನಮ್ಮ ಹೋಟೆಲುಗಳ ಗಲ್ಲಾದ ಹಿಂದಿನ ಗೋಡೆಯಲ್ಲೇ ತೂಗುತ್ತಿದೆ. ಕೊಂಕಣ ತೀರದ ಮೀನುಗಾರರಿಗೆ ಹಿಂದಿನಿಂದಲೂ ಗೊತ್ತಿರುವ ಲೆಕ್ಕವೊಂದುಂಟು: ಅಂದಿನ ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಆ ದಿನ ಭರ್ತಿ ಬರುವ ಗಂಟೆ ಹೆಚ್ಚುಕಡಿಮೆ ಸಿಗುತ್ತದೆ. ಚತುರ್ಥಿಯಾದರೆ ನಾಲ್ಕು ಮೂರಲ ಹನ್ನೆರಡು, ನಾಲ್ಕರಿಂದ ಭಾಗಿಸಿದರೆ ಮೂರು. ಅಂದರೆ ಸುಮಾರು ಮೂರು ಗಂಟೆಗೆ ತುಂಬು ನೀರು. ಅಷ್ಟಮಿಯಂದು ಆರಕ್ಕೆ. ಹುಣ್ಣಿಮೆ ಅಮಾವಾಸ್ಯೆಗಳಿಗೆ ಹದಿನೈದೆಂದು ಹಿಡಿದರೆ ಹನ್ನೊಂದೂಕಾಲು. ಹಗಲಿಗೊಂದು, ರಾತ್ರಿಗೊಂದು. ದಿನದಿಂದ ದಿನಕ್ಕೆ ಚಂದ್ರ ಸುಮಾರು ಐವತ್ತು ನಿಮಿಷ ತಡವಾಗಿ ಬರುವುದರಿಂದ ಭರ್ತಿಯೂ ಹಾಗೆಯೇ ಹಿಂದೆ ಬೀಳುತ್ತದೆ; ತಿಥಿಯೊಂದಕ್ಕೆ ಮುಕ್ಕಾಲು ಗಂಟೆ ಎಂಬ ಲೆಕ್ಕದ ಗುಟ್ಟು ಇಷ್ಟೇ. ನಿಖರವಾದ ಸಮಯ ಬೇಕಾದವರು ಮುದ್ರಿತ ಕೋಷ್ಟಕವನ್ನು ನೋಡಲಿ. ಆದರೆ ಐದನೆಯ ತರಗತಿಯ ಹುಡುಗಿಗೆ ಈ ಲೆಕ್ಕವನ್ನು ಕೊಟ್ಟು, ‘ಮುಂದಿನ ಮಂಗಳವಾರ ನಾವು ಎಷ್ಟು ಗಂಟೆಗೆ ಹೊರಡಬೇಕು, ನೀನೇ ಹೇಳು’ ಎಂದರೆ ಗಣಿತ, ಭೂಗೋಲ, ಪಂಚಾಂಗ ಮೂರೂ ಒಂದೇ ಪಾಠದಲ್ಲಿ ಮುಗಿದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲವಿಲ್ಲದ ಕಲಿಕೆಯನ್ನು ಸೂಚಿಸಿದೆಯಷ್ಟೆ. ಆ ಹತ್ತರಲ್ಲಿ ಒಂದನ್ನು ಭರ್ತಿಯ ಲೆಕ್ಕ ನೋಡಿ ಇಟ್ಟುಕೊಳ್ಳಲಿ.

ಕರಾವಳಿಯಿಂದ ಬಂದ ನಮಗೆ ಕಡಲು ಹೊಸದಲ್ಲ, ಇದರಲ್ಲಿ ಕಲಿಯುವುದೇನು ಎಂದು ಕೇಳುವವರೂ ಇದ್ದಾರೆ. ಹಿಂದಿನ ತಲೆಮಾರಿನವರು ಮಂಗಳೂರಿನಿಂದ ಹಡಗಿನಲ್ಲಿ ಮುಂಬಯಿಗೆ ಬಂದವರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿ, ಹಡಗನ್ನು ಹಿಂಬಾಲಿಸುವ ಬಿಳಿ ಹಕ್ಕಿಗಳನ್ನು ಎಣಿಸುತ್ತ ಬಂದವರು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಹುಟ್ಟಿದ ಮಕ್ಕಳಿಗೆ ಕಡಲೆಂದರೆ ಸುರಂಗದಿಂದ ಸುರಂಗಕ್ಕೆ ನಡುವೆ ಮಿಂಚಿ ಮಾಯವಾಗುವ ನೀಲಿ ಗೆರೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆಂಬುದು ಆ ಊರಿಗೆ ರಜೆಯಲ್ಲಿ ಹೋಗಿ ಬರುವ ಎಷ್ಟು ಮಕ್ಕಳಿಗೆ ತಿಳಿದಿದೆ? ಇನ್ನೂ ಉತ್ತರಕ್ಕೆ ವೆಂಗುರ್ಲೆಯ ಬಳಿ ಸಮುದ್ರದಲ್ಲಿ ಕಲ್ಲು ನಡುಗಡ್ಡೆಗಳಿವೆ. ರೀವಗಳು ಅಲ್ಲಿನ ಬರಿ ಬಂಡೆಯ ಮೇಲೆ ಮೊಟ್ಟೆಯಿಡುತ್ತವೆ. ಗವಿಯ ಕತ್ತಲಲ್ಲಿ ಬಾನಾಡಿಯೊಂದು ತನ್ನ ಎಂಜಲಿನಿಂದ ಅಂಟಿಸಿದ ಗೂಡು ಕಟ್ಟುತ್ತದೆ. ಪೂರ್ವದೇಶಗಳಲ್ಲಿ ಇಂಥ ಗೂಡುಗಳಿಂದ ಸೂಪು ಕಾಯಿಸಿ ಬೆಳ್ಳಿಯ ಬೆಲೆಗೆ ಮಾರುತ್ತಾರಾದುದರಿಂದ, ಈ ಶತಮಾನದ ಮೊದಲ ವರ್ಷಗಳಲ್ಲಿ ವೆಂಗುರ್ಲೆಯ ಗವಿಗಳಿಂದಲೂ ಗೂಡುಗಳನ್ನು ಕದ್ದು ಸಾಗಿಸುತ್ತಿದ್ದುದು ಬಯಲಾಯಿತು. ಎರಡು ದಶಕ ಸಾರು ಕಾಯಿಸಿದ ಅನುಭವದಿಂದ ಹೇಳುವುದಾದರೆ, ಹಕ್ಕಿಯ ಮನೆಯನ್ನು ಕುದಿಸಿ ಕುಡಿಯುವಷ್ಟು ಬಡತನ ಯಾವ ಅಡುಗೆಮನೆಗೂ ಬಂದಿರಲಾರದು.

ಅಡುಗೆಮನೆಯ ಮಾತು ಬಂದುದರಿಂದ ನಮ್ಮ ಬಾಗಿಲಿನ ಮುಂದೆಯೂ ಒಂದಿಷ್ಟು ಗುಡಿಸಬೇಕಾಗಿದೆ. ಗೇಟ್‌ವೇಯಿಂದ ಘಾರಾಪುರಿಗೆ ಹೋಗುವ ದೋಣಿಗಳಲ್ಲಿ ಕಡಲಕ್ಕಿಗಳಿಗೆ ಗಾಠಿಯಾ, ಸೇವು ಎಸೆಯುವುದು ಒಂದು ವಿನೋದವಾಗಿದೆ. ಮೀನು ಹಿಡಿಯಬಲ್ಲ ಹಕ್ಕಿಗೆ ಕರಿದ ಕಡಲೆಹಿಟ್ಟನ್ನು ತಿನ್ನಿಸುವುದು ದಾನವಲ್ಲ. ಬಾಣಲೆಯ ಎಣ್ಣೆ ಎಷ್ಟು ಬಾರಿ ಕಾದದ್ದೆಂಬುದನ್ನು ಬಲ್ಲ ನಮ್ಮ ಕಸುಬಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡನೆಯದಾಗಿ, ಭಾಂಡುಪ್, ಘಾಟಕೋಪರ್ ಕಡೆಯ ಚರಂಡಿಯ ನೀರು ಸಂಸ್ಕರಣದ ಹೊಂಡಗಳನ್ನು ದಾಟಿ ಕೊನೆಗೆ ಸೇರುವುದು ಠಾಣೆಯ ಖಾಡಿಯನ್ನೇ. ನಮ್ಮ ಪಾತ್ರೆ ತೊಳೆಯುವ ತೊಟ್ಟಿಯಿಂದ ಹೊರಟ ಜಿಡ್ಡು, ಸೋಡಾ, ಹಾಲಿನ ಖಾಲಿ ಪೊಟ್ಟಣದ ಹರಿದ ತುದಿ ಇವು ಎಲ್ಲಿ ಹೋಗುತ್ತವೆಂದು ತಿಳಿಯಬೇಕಾದವರು ಖಾಡಿಯ ಅಂಚಿನ ಕಾಂಡ್ಲಾ ಬೇರುಗಳನ್ನು ನೋಡಿದರೆ ಸಾಕು. ಜಿಡ್ಡು ಹಿಡಿಯುವ ಜಾಲರಿಯನ್ನು ತಿಂಗಳಿಗೊಮ್ಮೆಯಲ್ಲ, ವಾರಕ್ಕೊಮ್ಮೆ ತೆಗೆದು ಶುಚಿ ಮಾಡಿಸುವ ಹೋಟೆಲು ಎಷ್ಟಿವೆ ಎಂಬುದನ್ನು ಮಾಲಿಕರು ತಮ್ಮಲ್ಲೇ ಕೇಳಿಕೊಳ್ಳಲಿ.

ಹಕ್ಕಿಗಳ ಈ ನೆಲೆ ಎಂದೆಂದಿಗೂ ಇರುವುದೆಂಬ ಭರವಸೆಯಿಲ್ಲ. ಮಕ್ಕಳನ್ನು ಈಗಲೇ ಕಳುಹಿಸಿರೆಂದು ನಾವು ಒತ್ತಾಯಿಸುವುದಕ್ಕೆ ಇದೇ ಮುಖ್ಯ ಕಾರಣ. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಹೊರಡುವುದು ಶಿವಡಿಯ ಕೆಸರು ದಂಡೆಯಿಂದಲೇ. ಸೇತುವೆ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ, ಮಹಾನಗರಕ್ಕೆ ದಾರಿ ಬೇಕು. ಆದರೆ ಅದರ ಕಾಮಗಾರಿಯ ವರ್ಷಗಳಲ್ಲಿ ಶಿವಡಿಯ ದಂಡೆಯಿಂದ ಹಕ್ಕಿ ನೋಡುವುದು ಹಿಂದಿನಷ್ಟು ಸುಲಭವಾಗಿ ಉಳಿಯಲಿಲ್ಲ. ನೆರೂಳಿನ ಕಡೆಯ ಜೌಗುಗಳ ಮೇಲೆ ಕಟ್ಟಡಗಳ ಕಣ್ಣು ಬಿದ್ದು ಬಹಳ ಕಾಲವಾಯಿತು. 2024ರ ಬೇಸಗೆಯಲ್ಲಿ ಅಲ್ಲಿನ ಒಂದು ಕೆರೆಗೆ ಖಾಡಿಯ ನೀರು ಬರದೆ ಫ್ಲೆಮಿಂಗೋಗಳು ದಿಕ್ಕೆಟ್ಟು, ಕೆಲವು ಸತ್ತದ್ದೂ ಉಂಟು. ಅದೇ ವರ್ಷದ ಮೇ 20ರ ರಾತ್ರಿ ಘಾಟಕೋಪರಿನ ಆಕಾಶದಲ್ಲಿ ಇಳಿಯುತ್ತಿದ್ದ ವಿಮಾನವೊಂದಕ್ಕೆ ಹಿಂಡು ಬಡಿದು ಮೂವತ್ತಕ್ಕೂ ಹೆಚ್ಚು ಫ್ಲೆಮಿಂಗೋಗಳು ಮನೆಗಳ ಮೇಲೆ, ಬೀದಿಗಳಲ್ಲಿ ಉದುರಿಬಿದ್ದವು. ಕಾದು ನಿಲ್ಲುವ ಜೌಗುಗಳು ಮುಚ್ಚಿಹೋದರೆ ಹಿಂಡುಗಳು ಹೊಸ ಜಾಗ ಹುಡುಕುತ್ತ ವಿಮಾನಗಳ ದಾರಿಗೆ ಬರುವುವೆಂದು ಪಕ್ಷಿತಜ್ಞರು ಮೊದಲಿನಿಂದಲೂ ಎಚ್ಚರಿಸಿದ್ದರು. 2025ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣವೂ ಉದ್ಘಾಟನೆಯಾಗಿರುವಾಗ ಆ ಎಚ್ಚರಿಕೆ ಬರಿಯ ಹಕ್ಕಿಗಳ ವಿಷಯವಾಗಿ ಉಳಿದಿಲ್ಲ.

ಕಾಂಡ್ಲಾ ಕಾಡು ನಮಗೇಕೆ ಎನ್ನುವವರು 2005ರ ಜುಲೈ 26ನ್ನು ನೆನೆಯಲಿ. ಸಾಂತಾಕ್ರೂಜಿನಲ್ಲಿ ಅಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ಮಿಠಿ ನದಿಯ ದಡಗಳನ್ನೂ ಖಾಡಿಯ ಅಂಚುಗಳನ್ನೂ ತುಂಬಿ ಕಟ್ಟಿದ ನಗರಕ್ಕೆ ನೀರು ಹೋಗಲು ದಾರಿಯಿರಲಿಲ್ಲ. ನೆಲಮಾಳಿಗೆಯ ಉಗ್ರಾಣಗಳಲ್ಲಿ ಅಕ್ಕಿ ಉದ್ದಿನ ಚೀಲಗಳು ತೇಲಿದ್ದನ್ನೂ, ರಾತ್ರಿ ಅಂಗಡಿಯ ನೆಲದ ಮೇಲೆಯೇ ಮಲಗುವ ನಮ್ಮ ಹುಡುಗರು ಮೇಜುಗಳ ಮೇಲೆ ಮೇಜು ಏರಿಸಿ ಬೆಳಗು ಮಾಡಿದ್ದನ್ನೂ ಕಂಡವರು ಈ ನಗರದಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಆ ವರ್ಷದ ಅಕ್ಟೋಬರಿನಲ್ಲೇ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ಗಿಡಗಳನ್ನು ಕಡಿಯದಂತೆ ಆಜ್ಞೆಯಿತ್ತಿತು. ಉಬ್ಬರದ ನೀರನ್ನು ತಡೆದು ಹಿಡಿಯುವ ಕೆಸರು, ಹಕ್ಕಿ ನಿಲ್ಲುವ ಕೆಸರು ಬೇರೆಬೇರೆಯಲ್ಲ.

ಕೊನೆಯದಾಗಿ, ಪಾಲಕರಿಲ್ಲದೆ ತಾವೇ ತಮ್ಮ ಚೀಟಿಗೆ ಸಹಿ ಹಾಕಿಕೊಳ್ಳುವ ವಿದ್ಯಾರ್ಥಿಗಳ ವಿಷಯ. ನಮ್ಮ ಕನ್ನಡ ರಾತ್ರಿಶಾಲೆಗಳು ಹಲವು ಮುಚ್ಚಿವೆ. ಉಳಿದವುಗಳಲ್ಲಿ ಹಗಲೆಲ್ಲ ತಟ್ಟೆ ಎತ್ತಿ, ರಾತ್ರಿ ಪುಸ್ತಕ ತೆರೆಯುವ ತರುಣರು ಈಗಲೂ ಇದ್ದಾರೆ. ವಿಜ್ಞಾನದ ಪಾಠವನ್ನು ಬೆಳಕು ಬಿದ್ದ ಮೇಲೆ ಕಣ್ಣಾರೆ ನೋಡುವ ಯೋಗ ಅವರಿಗೆ ಬಂದದ್ದೇ ಕಡಿಮೆ. ಅವರನ್ನು ಯಾವ ಸಂಚಾರದ ಪಟ್ಟಿಯಲ್ಲೂ ಯಾರೂ ಸೇರಿಸುವುದಿಲ್ಲ. ಭಾನುವಾರ ಹೋಟೆಲಿಗೆ ಗಿರಾಕಿ ಹೆಚ್ಚು, ರಜೆ ಕೊಡಲಾಗದೆಂಬುದು ಮಾಲಿಕರ ಮಾತು. ಗಲ್ಲಾದಲ್ಲಿ ಕುಳಿತವರಿಗೆ ಆ ಕಷ್ಟ ತಿಳಿಯದ್ದಲ್ಲ. ಆದರೆ ಹಕ್ಕಿಗಳಿಗೆ ಭಾನುವಾರವೆಂಬುದಿಲ್ಲ. ವಾರಕ್ಕೆ ಇಪ್ಪತ್ತನಾಲ್ಕು ತಾಸುಗಳ ಸತತ ವಿಶ್ರಾಂತಿಯನ್ನು ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ಕೊಟ್ಟಿದೆ. ಅದನ್ನು ಮಾಲಿಕನ ಔದಾರ್ಯವೆಂದು ಭಾವಿಸಬೇಕಾಗಿಲ್ಲ. ಐದಾರು ಹೋಟೆಲುಗಳ ಮಾಲಿಕರು ಮಾತಾಡಿಕೊಂಡು, ತಮ್ಮಲ್ಲಿನ ರಾತ್ರಿಶಾಲೆಯ ಹುಡುಗರಿಗೆಲ್ಲ ಒಂದೇ ವಾರದ ದಿನ ರಜೆ ಬರುವಂತೆ ಪಾಳಿ ಹೊಂದಿಸಿದರೆ ಒಂದು ಬಸ್ಸು ತುಂಬುತ್ತದೆ. ಬೆಳಗಿನ ಇಡ್ಲಿ ಪೊಟ್ಟಣವನ್ನು ಕಟ್ಟಿಕೊಡುವುದು ನಮ್ಮವರಿಗೆ ಭಾರವಾಗದು. ಪ್ಲಾಸ್ಟಿಕ್ಕಿನಲ್ಲಿ ಬೇಡ, ಬಾಳೆಲೆಯಲ್ಲಿ ಇರಲಿ.

ಫ್ಲೆಮಿಂಗೋಗಳು ಸಾಮಾನ್ಯವಾಗಿ ಮೇ ತಿಂಗಳವರೆಗೆ ಇರುತ್ತವೆ. ಕಡಲಕ್ಕಿಗಳು ಅದಕ್ಕೂ ಮೊದಲೇ ಹೊರಡುತ್ತವೆ. ಎರಡನ್ನೂ ಕಾಣಬೇಕಾದರೆ ಮಾಘ ಮಾಸ ಒಳ್ಳೆಯದು. ಪಂಚಮಿಯ ದಿನವನ್ನು ಆರಿಸಿಕೊಂಡರೆ ಭರ್ತಿ ಮಧ್ಯಾಹ್ನ ಮೂರೂಮುಕ್ಕಾಲಿನ ಸುಮಾರಿಗೆ. ಒಂದು ಗಂಟೆಗೆ ದಂಡೆಯಲ್ಲಿದ್ದರೆ, ಏರುವ ನೀರಿನೊಡನೆ ಹಕ್ಕಿಗಳು ತಾವಾಗಿಯೇ ಹತ್ತಿರ ಬರುವುದನ್ನು ನೋಡಬಹುದು. ಢಾಳಾದ ಬಣ್ಣದ ಬಟ್ಟೆ ಬೇಡ, ಧ್ವನಿವರ್ಧಕವಂತೂ ಬೇಡವೇ ಬೇಡ. ದುರ್ಬೀನು ಕೊಳ್ಳಲು ಶಾಲೆಗೆ ಶಕ್ತಿಯಿಲ್ಲದಿದ್ದರೆ ನಮ್ಮ ಸಂಘಸಂಸ್ಥೆಗಳು ಈ ವರ್ಷದ ವಾರ್ಷಿಕೋತ್ಸವದ ಶಾಲು ಹಾರಗಳ ವೆಚ್ಚದಲ್ಲಿ ಅರ್ಧವನ್ನು ಉಳಿಸಿ ನಾಲ್ಕು ದುರ್ಬೀನುಗಳನ್ನು ಕೊಡಿಸಲಿ.